ಹಾರ್ಮುಜಿನ ಬಾಗಿಲು, ಸೊರಬದ ಒಲೆ

ಶಿಕಾರಿಪುರದ ಅಕ್ಕಿ ಗಿರಣಿಯ ಹಮಾಲನಿಗೂ ಹಾರ್ಮುಜ್ ಜಲಸಂಧಿಗೂ ಏನು ಸಂಬಂಧವೆಂದು ಕೇಳುವವರುಂಟು. ಸಂಬಂಧ ಅವನ ಮನೆಯ ಒಲೆಯಲ್ಲಿದೆ.

ಎರಡು ನೆಲಗಳ ನಡುವಣ ಇಕ್ಕಟ್ಟಾದ ನೀರುದಾರಿಯೇ ಜಲಸಂಧಿ. ಇರಾನ್ ಮತ್ತು ಓಮಾನ್‌ಗಳ ನಡುವಿನ ಹಾರ್ಮುಜ್ ಅತಿ ಕಿರಿದಾದೆಡೆ 40 ಕಿಲೋಮೀಟರಿಗಿಂತ ಕಡಿಮೆ. 2024ರಲ್ಲಿ ಜಗತ್ತು ಬಳಸಿದ ಕಲ್ಲೆಣ್ಣೆಯ ಸುಮಾರು ಐದರಲ್ಲೊಂದು ಪಾಲು ಇಲ್ಲಿಂದಲೇ ಹಾದು ಬಂತು. ಆ ವರ್ಷ ನಮ್ಮ ದೇಶ ಉರಿಸಿದ ಅಡಿಗೆ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದು. ಅದರಲ್ಲಿ ಬಹುಪಾಲು ಕೊಲ್ಲಿ ರಾಷ್ಟ್ರಗಳದು. ಮೆಕ್ಕೆಜೋಳಕ್ಕೆ ಹಾಕುವ ಯೂರಿಯಾದ ತಯಾರಿಕೆಗೂ ಆ ಕಡೆಯ ಅನಿಲ ಬೇಕು.

2023ರ ನವೆಂಬರಿನಿಂದ ಹೂತಿಗಳು ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆರಗಿದಾಗ, ಬಾಬ್ ಎಲ್ ಮಂದೆಬ್ ಜಲಸಂಧಿಯನ್ನು ಬಿಟ್ಟು ಅನೇಕ ಹಡಗುಗಳು ಆಫ್ರಿಕಾವನ್ನೇ ಸುತ್ತಿದವು. ಬಾಡಿಗೆ ಏರಿತು. ಏರಿದ ಬಾಡಿಗೆಯನ್ನು ಹಡಗಿನ ಒಡೆಯ ಹೊರುವುದಿಲ್ಲ. ಕೊನೆಗೆ ಕೊಳ್ಳುವವನೇ ಹೊರುತ್ತಾನೆ. ಸಣ್ಣ ಅಂಗಡಿಕಾರ ಗಿರಾಕಿಯ ಬೈಗುಳ ತಿನ್ನುತ್ತಾನೆ.

1982ರ ಸಮುದ್ರ ಕಾನೂನು ಒಪ್ಪಂದ ಇಂತಹ ಜಲಸಂಧಿಗಳಲ್ಲಿ ಎಲ್ಲ ದೇಶಗಳ ಹಡಗಿಗೂ ಹಾದುಹೋಗುವ ಹಕ್ಕು ಕೊಟ್ಟಿದೆ. ಆದರೆ ಬೀಗದಕೈ ಬಂದೂಕಿನವರ ಕೈಯಲ್ಲಿದೆ.

ದೂರದ ಬಾಗಿಲನ್ನು ನಾವು ಕಾಯಲಾರೆವು. ನಮ್ಮೂರಿನ ಉಗ್ರಾಣವನ್ನು ಕಾಯಬಲ್ಲೆವು. ಬಿತ್ತನೆಗೆ ಮೊದಲೇ ಸಹಕಾರಿ ಸಂಘಗಳಲ್ಲಿ ಗೊಬ್ಬರದ ದಾಸ್ತಾನಿರಲಿ. ಎಷ್ಟಿದೆಯೆಂದು ಹಲಗೆಯ ಮೇಲೆ ಬರೆದಿಡಲಿ. ಯುದ್ಧದ ಹೆಸರಿನಲ್ಲಿ ಮಾಲು ಬಚ್ಚಿಡುವ ಕಾಳಸಂತೆಕೋರರನ್ನು ಸರ್ಕಾರ ಹಿಡಿಯಲಿ. ಎರಡೂ ತಾಲ್ಲೂಕುಗಳ ಕಾರ್ಮಿಕರೂ ಸಣ್ಣ ವರ್ತಕರೂ ಒಟ್ಟಾಗಿ ನಿಂತು ಇದನ್ನು ಕೇಳಬೇಕೆಂದು ನಮ್ಮ ಮನವಿ.