ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಸ್ಕಾಟ್ಲೆಂಡಿನ ಇನ್ವರ್ನೆಸ್ ಊರಿನಿಂದ ಹೊರಟು, ಉತ್ತರದ ಕಡಲಂಚನ್ನೆಲ್ಲ ಬಳಸಿ ಮತ್ತೆ ಅಲ್ಲಿಗೇ ಬಂದು ಸೇರುವ ರಸ್ತೆಯೊಂದಿದೆ. ಉದ್ದ ಸುಮಾರು 500 ಮೈಲಿ. 2015ರಲ್ಲಿ ಅದಕ್ಕೆ ‘ನಾರ್ತ್ ಕೋಸ್ಟ್ 500’ ಎಂದು ಹೆಸರಿಟ್ಟು ಪ್ರಚಾರ ಕೊಟ್ಟ ಮೇಲೆ, ಬೇಸಿಗೆ ಬಂತೆಂದರೆ ಅಲ್ಲಿ ಕ್ಯಾಂಪರ್‌ವ್ಯಾನುಗಳ ಸಾಲೇ ಸಾಲು. ಕ್ಯಾಂಪರ್‌ವ್ಯಾನ್ ಎಂದರೆ ಗಾಲಿಯ ಮೇಲಿನ ಸಂಸಾರ. ಒಂದು ವ್ಯಾನಿನೊಳಗೇ ಹಾಸಿಗೆ, ಒಲೆ, ನೀರಿನ ತೊಟ್ಟಿ, ಪುಟ್ಟದೊಂದು ಫ್ರಿಜ್.

ಅಂಥ ಒಂದು ವ್ಯಾನಿನಲ್ಲಿ ಹೊರಟ ದಂಪತಿಯನ್ನು ಕಲ್ಪಿಸಿಕೊಳ್ಳಿ. ಗಂಡನಿಗೆ ಸಕ್ಕರೆ ಕಾಯಿಲೆ. ಫ್ರಿಜ್ಜಿನಲ್ಲಿ ಹಾಲು, ಬೆಣ್ಣೆಯ ಜೊತೆಗೆ ಪ್ರವಾಸಕ್ಕೆಲ್ಲ ಆಗುವಷ್ಟು ಇನ್ಸುಲಿನ್. ಮೊದಲೆರಡು ದಿನ ಊರಿಂದೂರಿಗೆ ಓಡಾಟ, ಎಲ್ಲ ಸುಗಮ. ಆಮೇಲೆ ಕಡಲ ತಡಿಯ ಜಾಗವೊಂದು ಮನಸ್ಸಿಗೆ ಹಿಡಿಸಿ ಅಲ್ಲೇ ಎರಡು ರಾತ್ರಿ ಬೀಡುಬಿಟ್ಟರು. ಎರಡನೆಯ ರಾತ್ರಿ ಕಳೆದು ಎದ್ದು ನೋಡಿದರೆ ಹಾಲು ಒಡೆದಿದೆ, ಬೆಣ್ಣೆ ಮೆತ್ತಗಾಗಿದೆ, ಫ್ರಿಜ್ಜಿನೊಳಗೆ 14 ಡಿಗ್ರಿ. ಔಷಧದ ಅಂಗಡಿ ಇರುವುದು ಒಂದು ಗಂಟೆಯ ದಾರಿಯಾಚೆ. ‘ಫ್ರಿಜ್ ಕೆಟ್ಟಿತು’ ಎಂದು ಹೆಂಡತಿಯ ತೀರ್ಪು, ಗಂಡನದೂ ಅದೇ. ಮನೆಗೆ ಮರಳಿ ನೂರಾರು ಪೌಂಡ್ ಸುರಿದು ಹೊಸ ಫ್ರಿಜ್ ಕೂರಿಸಿದರು. ಮುಂದಿನ ಪ್ರವಾಸದಲ್ಲಿ, ಎರಡು ರಾತ್ರಿ ನಿಂತ ಕಡೆ, ಅದೂ ನಿಂತಿತು!

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಕಥೆ ಇದು. ವ್ಯಾನಿನ ಫ್ರಿಜ್ ತಣ್ಣಗಾಗದಿದ್ದಾಗ ಅನೇಕ ಸಲ ಕಾಯಿಲೆ ಇರುವುದು ಫ್ರಿಜ್ಜಿಗಲ್ಲ. ಅದಕ್ಕೆ ಅನ್ನ ಹಾಕುವ ಬ್ಯಾಟರಿಗೆ, ಅಥವಾ ಆ ಅನ್ನ ಹೊತ್ತು ತರುವ ವೈರಿಗೆ.

ಇಂಥ ವ್ಯಾನುಗಳಲ್ಲಿ ಬ್ಯಾಟರಿ ಎರಡು. ಒಂದು ಎಂಜಿನ್ನಿಗೆ ಸೆಲ್ಫ್ ಹೊಡೆಯಲು. ಅದರ ಸೀಸದ ಫಲಕಗಳು ತೆಳು; ಕ್ಷಣಕಾಲ ನೂರಾರು ಆಂಪಿಯರ್ ಕೊಟ್ಟು ಸುಮ್ಮನಾಗುವುದಷ್ಟೇ ಅದರ ಕೆಲಸ. ಇನ್ನೊಂದು ಮನೆವಾರ್ತೆಗೆ. ಬ್ರಿಟಿಷರು ಇದನ್ನು ‘ಲೀಷರ್ ಬ್ಯಾಟರಿ’, ಅಂದರೆ ವಿರಾಮದ ಬ್ಯಾಟರಿ ಎನ್ನುತ್ತಾರೆ. ಹೆಸರಿಗೆ ವಿರಾಮ, ಕೆಲಸ ಮಾತ್ರ ಹಗಲಿರುಳು. ದೀಪ, ನೀರಿನ ಪಂಪು, ಫ್ರಿಜ್ ಎಲ್ಲಕ್ಕೂ ಅದೇ ಗತಿ. ಇದರ ಫಲಕಗಳು ದಪ್ಪ. ನಿಧಾನವಾಗಿ, ಬಹಳ ಹೊತ್ತು ಕರೆಂಟು ಕೊಡಬಲ್ಲವು.

ಆದರೆ ಎಷ್ಟು ಹೊತ್ತು? ಲೆಕ್ಕ ಸುಲಭ. 100 ಆಂಪಿಯರ್-ಅವರ್ ಎಂದು ಬರೆದಿರುವ ಸೀಸದ ಬ್ಯಾಟರಿಯಲ್ಲಿ ಅರ್ಧವನ್ನಷ್ಟೇ ಖರ್ಚು ಮಾಡುವುದು ಕ್ಷೇಮ. ಕಂಪ್ರೆಸರ್ ಇರುವ ಸಣ್ಣ ಫ್ರಿಜ್ ಓಡುವಾಗ ಸುಮಾರು 4 ಆಂಪಿಯರ್ ಎಳೆಯುತ್ತದೆ. ದಿನದಲ್ಲಿ ಹತ್ತು ಗಂಟೆ ಓಡಿತೆಂದರೆ 40 ಆಂಪಿಯರ್-ಅವರ್. ದೀಪಕ್ಕೆ, ಪಂಪಿಗೆ, ಮೊಬೈಲಿಗೆ ಇನ್ನು ಹತ್ತು ಸೇರಿಸಿ. ಒಂದೇ ದಿನಕ್ಕೆ ಗಂಟು ಖಾಲಿ! ವ್ಯಾನು ಓಡುತ್ತಿದ್ದರೆ ಎಂಜಿನ್ನಿನ ಆಲ್ಟರ್ನೇಟರ್ ಅದನ್ನು ಮತ್ತೆ ತುಂಬುತ್ತದೆ. ನಿಂತಲ್ಲೇ ಎರಡು ರಾತ್ರಿ ಕಳೆದರೆ ತುಂಬುವವರು ಯಾರು?

ಇನ್ನೊಂದು ಬಗೆಯ ಫ್ರಿಜ್ ಉಂಟು. ಅದರಲ್ಲಿ ಕಂಪ್ರೆಸರೇ ಇಲ್ಲ. ಅಮೋನಿಯಾ, ನೀರು, ಹೈಡ್ರೋಜನ್‌ಗಳನ್ನು ಕೊಳವೆಯಲ್ಲಿ ತುಂಬಿ, ಕೆಳಗೆ ಶಾಖ ಕೊಟ್ಟು ಮೇಲೆ ತಂಪು ಪಡೆಯುವ ಈ ಉಪಾಯವನ್ನು 1922ರಲ್ಲಿ ಸ್ಟಾಕ್‌ಹೋಮಿನ ಇಬ್ಬರು ತರುಣ ವಿದ್ಯಾರ್ಥಿಗಳು, ಬಾಲ್ಟ್ಸರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್, ಮಾಡಿ ತೋರಿಸಿದರು. ಗ್ಯಾಸಿನ ಸಣ್ಣ ಉರಿಯಲ್ಲಿ ಸದ್ದಿಲ್ಲದೆ ನಡೆಯುವ ಫ್ರಿಜ್ ಇದು. ಇದಕ್ಕೆ 12 ವೋಲ್ಟಿನಲ್ಲೂ ನಡೆಯುವ ಸೌಲಭ್ಯ ಕೊಟ್ಟಿರುತ್ತಾರೆ. ಆದರೆ ಆಗ ಅದು ಎಡೆಬಿಡದೆ 10 ಆಂಪಿಯರ್ ಅಥವಾ ಅದಕ್ಕೂ ಹೆಚ್ಚು ನುಂಗುತ್ತದೆ. ಬ್ಯಾಟರಿಯ ಅರ್ಧ ಗಂಟು ಐದೇ ಗಂಟೆಯಲ್ಲಿ ಮುಗಿಯುತ್ತದೆ. 12 ವೋಲ್ಟು ಎಂಜಿನ್ ಓಡುವಾಗ ಮಾತ್ರ. ನಿಂತ ಮೇಲೆ ಗ್ಯಾಸಿಗೆ ತಿರುಗಿಸಬೇಕು. ಈ ಫ್ರಿಜ್ಜಿಗೆ ಇನ್ನೂ ಒಂದು ಹಟ: ನೆಲ ಸಮತಟ್ಟಾಗಿರಬೇಕು. ವ್ಯಾನು ವಾಲಿ ನಿಂತರೆ ಕೊಳವೆಯೊಳಗಿನ ದ್ರವ ಸರಿಯಾಗಿ ಹರಿಯದೆ ತಂಪು ಕಟ್ಟಾಗುತ್ತದೆ.

ಇನ್ನು ಕಾಯಿಲೆ ಹಿಡಿಯುವ ಬಗೆ. ಬೇಕಾದದ್ದು ಕೆಲವೇ ಪೌಂಡಿಗೆ ಸಿಗುವ ಒಂದು ಮಲ್ಟಿಮೀಟರ್, ಮತ್ತು ಅಳತೆಗಳನ್ನು ಸರದಿಯಲ್ಲೇ ತೆಗೆಯುವ ತಾಳ್ಮೆ.

ಮೊದಲ ಅಳತೆ, ಬ್ಯಾಟರಿ ಕೆಲವು ಗಂಟೆ ಸುಮ್ಮನಿದ್ದ ಮೇಲೆ, ಅದರ ಎರಡು ಕೊನೆಗಳ ನಡುವೆ. ಸೀಸದ ಬ್ಯಾಟರಿಯಾದರೆ 12.7 ವೋಲ್ಟು ಎಂದರೆ ಹೊಟ್ಟೆ ತುಂಬಿದೆ, 12.2 ಎಂದರೆ ಅರ್ಧ, 11.9ಕ್ಕೆ ಬಂದರೆ ಬರಿದು. ಎರಡನೆಯ ಅಳತೆ ಅದೇ ಜಾಗದಲ್ಲಿ, ಆದರೆ ಫ್ರಿಜ್ ಓಡುತ್ತಿರುವಾಗ. ಮೂರನೆಯದು ಫ್ರಿಜ್ ಓಡುತ್ತಿರುವಾಗಲೇ, ಫ್ರಿಜ್ಜಿನ ಹಿಂಬದಿಗೆ ವೈರು ಬಂದು ಸೇರುವಲ್ಲಿ.

ಬಹಳ ಮಂದಿ ಮೋಸ ಹೋಗುವುದು ಈ ಮೂರನೆಯದರಲ್ಲಿ. ಫ್ರಿಜ್ ನಿಂತಾಗ ಅಲ್ಲಿ ಅಳೆದು, ‘12.3 ಇದೆ, ಕರೆಂಟು ಸರಿಯಾಗಿಯೇ ಬರುತ್ತಿದೆ’ ಎಂದುಕೊಳ್ಳುತ್ತಾರೆ. ಮಾಳಿಗೆಯ ತೊಟ್ಟಿಯಿಂದ ಬರುವ ಸಣ್ಣ ಪೈಪನ್ನು ನೆನೆಯಿರಿ. ನಲ್ಲಿ ಮುಚ್ಚಿದ್ದಾಗ ಒತ್ತಡ ಪೂರ್ತಿ. ತೆರೆದೊಡನೆ ಅದು ಕುಗ್ಗುತ್ತದೆ. ವೈರಿನದೂ ಅದೇ ಕಥೆ. ಬ್ಯಾಟರಿಯಿಂದ ಐದು ಮೀಟರ್ ದೂರದ ಫ್ರಿಜ್ಜಿಗೆ 1.5 ಚದರ ಮಿಲಿಮೀಟರಿನ ತಾಮ್ರದ ವೈರು ಎಳೆದಿದ್ದರೆ, 5 ಆಂಪಿಯರ್ ಹರಿಯುವಾಗ ಹೋಗಿ ಬರುವ ದಾರಿಯಲ್ಲೇ 0.6 ವೋಲ್ಟು ಸೋರಿಹೋಗುತ್ತದೆ. 6 ಚದರ ಮಿಲಿಮೀಟರಿನ ದಪ್ಪ ವೈರಾದರೆ ನಷ್ಟ 0.15 ಮಾತ್ರ.

ಈಗ ಆ ದಂಪತಿಯ ವ್ಯಾನಿನ ಲೆಕ್ಕ ನೋಡೋಣ. ಸುಮ್ಮನಿದ್ದಾಗ ಬ್ಯಾಟರಿ 12.3. ಫ್ರಿಜ್ ಶುರುವಾದೊಡನೆ, ಹಳೆಯ ಬ್ಯಾಟರಿಯಾದ್ದರಿಂದ, 11.4ಕ್ಕೆ ಕುಸಿತ. ವೈರಿನಲ್ಲಿ 0.6 ಹೋಯಿತು. ಫ್ಯೂಸಿನ ಸಡಿಲ ಹಿಡಿಕೆ ಮತ್ತು ವ್ಯಾನಿನ ಬಾಡಿಗೆ ಅರ್ಥ್ ಕೊಟ್ಟ ತುಕ್ಕು ಬೋಲ್ಟು ಸೇರಿ ಇನ್ನರ್ಧ ತಿಂದವು. ಫ್ರಿಜ್ಜಿಗೆ ತಲುಪಿದ್ದು 10.3. ಡ್ಯಾನ್‌ಫಾಸ್ ಬಿಡಿ35 ಎಂಬ ಹೆಸರುವಾಸಿ ಕಂಪ್ರೆಸರಿನ ಸಾಮಾನ್ಯ ಹೊಂದಿಕೆಯಲ್ಲಿ ವೋಲ್ಟೇಜು 10.4ಕ್ಕೆ ಇಳಿದರೆ ಬ್ಯಾಟರಿಯನ್ನು ಕಾಪಾಡಲು ಅದು ತಾನಾಗಿ ನಿಲ್ಲುತ್ತದೆ, 11.7 ತಲುಪದೆ ಮತ್ತೆ ಏಳುವುದಿಲ್ಲ. ನಿಂತೊಡನೆ ಹೊರೆ ಇಳಿದು ವೋಲ್ಟೇಜು ಏರಿತು, ಕಂಪ್ರೆಸರು ಎದ್ದಿತು, ಎದ್ದೊಡನೆ ಮತ್ತೆ ಕುಸಿಯಿತು, ನಿಂತಿತು. ಬಿಕ್ಕಳಿಸುವ ಫ್ರಿಜ್ಜಿನ ಗುಟ್ಟು ಇಷ್ಟೆ. ಈ ಕಂಪ್ರೆಸರಿನ ನಿಯಂತ್ರಣ ಪೆಟ್ಟಿಗೆಗೆ ಸಣ್ಣ ದೀಪವೊಂದನ್ನು ಜೋಡಿಸಿದ್ದರೆ ಅದೇ ಬಾಯಿಬಿಟ್ಟು ಹೇಳುತ್ತದೆ: ಬಿಟ್ಟುಬಿಟ್ಟು ಒಂದೊಂದೇ ಸಲ ಮಿನುಗಿದರೆ, ವೋಲ್ಟೇಜು ಸಾಲದು ಎಂದರ್ಥ.

ಹೀಗಾಗಿ ತೀರ್ಪು ಕೊಡುವ ಕ್ರಮ ಇದು. ಎರಡನೆಯ ಅಳತೆಯಲ್ಲೇ ಕುಸಿತ ಕಂಡರೆ ತಪ್ಪು ಬ್ಯಾಟರಿಯದು. ಎರಡನೆಯದು ಚೆನ್ನಾಗಿದ್ದು ಮೂರನೆಯದು ಕುಸಿದರೆ ವೈರು, ಫ್ಯೂಸು, ಅರ್ಥ್ ಬೋಲ್ಟು. ಮೂರೂ ಚೆನ್ನಾಗಿದ್ದು ತಂಪಿಲ್ಲದಿದ್ದರೆ ಫ್ರಿಜ್ಜಿನ ಹಿಂದೆ ಗಾಳಿ ಆಡುತ್ತಿದೆಯೇ ನೋಡಿ, ಅನಂತರವಷ್ಟೇ ಫ್ರಿಜ್ಜಿನ ಮೇಲೆ ಕೈ ಮಾಡಬೇಕು.

ನಾಲ್ಕನೆಯ ಅಳತೆ ಎಂಜಿನ್ ಓಡುವಾಗ, ಲೀಷರ್ ಬ್ಯಾಟರಿಯ ಮೇಲೆ. ಅಲ್ಲಿ 14 ವೋಲ್ಟಿನ ಆಸುಪಾಸು ಬರಬೇಕು. ಬಾರದಿದ್ದರೆ ಎರಡು ಬ್ಯಾಟರಿಗಳನ್ನು ಕೂಡಿಸುವ ರಿಲೇ, ಅದರ ಫ್ಯೂಸುಗಳನ್ನು ನೋಡಬೇಕು. ಯೂರೊ 6 ನಿಯಮದ ಅನಂತರದ ಹಲವು ವಾಹನಗಳಲ್ಲಿ ಇನ್ನೊಂದು ತೊಡಕಿದೆ. ಇಂಧನ ಉಳಿಸಲೆಂದು ಆಲ್ಟರ್ನೇಟರ್ ಆಗಾಗ ತಾನೇ ವೋಲ್ಟೇಜು ಇಳಿಸಿಕೊಳ್ಳುತ್ತದೆ. ದಿನವಿಡೀ ವ್ಯಾನು ಓಡಿಸಿದರೂ ಬ್ಯಾಟರಿ ತುಂಬುವುದಿಲ್ಲ. ಇದಕ್ಕೆ ರಿಲೇ ಸಾಲದು. ಒಂದು ಬ್ಯಾಟರಿಯಿಂದ ಇನ್ನೊಂದಕ್ಕೆ ಅಳೆದು ತುಂಬುವ ಪ್ರತ್ಯೇಕ ಚಾರ್ಜರ್ ಬೇಕು.

ಅರೆಹೊಟ್ಟೆಯಲ್ಲಿ ಬಹಳ ಕಾಲ ಬಿಟ್ಟ ಸೀಸದ ಬ್ಯಾಟರಿ ತಾನಾಗಿ ಸಾಯುತ್ತದೆ. ಫಲಕದ ಮೇಲೆ ಸೀಸದ ಸಲ್ಫೇಟು ಹರಳುಗಟ್ಟಿ, ಮತ್ತೆ ಚಾರ್ಜಿಗೆ ಬಗ್ಗದಂತಾಗುತ್ತದೆ. ಕರ್ನಾಟಕದ ಮನೆಗಳ ಯುಪಿಎಸ್ ಬ್ಯಾಟರಿಗಳಿಗೂ ತಗಲುವುದು ಇದೇ ಕಾಯಿಲೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ಈ ಪೀಡೆ ಇಲ್ಲ. ಆದರೆ ಬಹುಪಾಲು ಖಾಲಿಯಾಗುವ ತನಕ ಅದರ ವೋಲ್ಟೇಜು ಹೆಚ್ಚು ಬದಲಾಗದ ಕಾರಣ ಅದರ ಹೊಟ್ಟೆಯನ್ನು ಮಲ್ಟಿಮೀಟರಿನಿಂದ ಅಳೆಯಲಾಗದು. ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಲೂಬಾರದು.

ಕೈ ಹಾಕುವ ಮುನ್ನ ಎಚ್ಚರ. ಬ್ಯಾಟರಿ ಬಿಚ್ಚುವಾಗ ಮೊದಲು ಋಣದ ವೈರು ತೆಗೆಯಬೇಕು. ಬೆರಳಿನ ಉಂಗುರ ಕಳಚಿಡಬೇಕು. ಪದೇ ಪದೇ ಫ್ಯೂಸು ಹೋಗುತ್ತದೆಂದು ದೊಡ್ಡ ಫ್ಯೂಸು ಹಾಕಿದರೆ ಉರಿಯುವುದು ವೈರು. ಗ್ಯಾಸ್ ಫ್ರಿಜ್ಜಿನ ಹೊರಕಿಂಡಿಗಳನ್ನು ಚಳಿಗೆಂದು ಮುಚ್ಚಿ ಗ್ಯಾಸಿನಲ್ಲಿ ನಡೆಸಿದರೆ ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಒಳಗೆ ಸೇರೀತು. ಮಲಗುವ ಜಾಗದಲ್ಲಿ ಅದರ ಎಚ್ಚರಿಕೆ ಗಂಟೆ ಇರಲೇಬೇಕು.

ಇನ್ನು ಆ ಇನ್ಸುಲಿನ್. ಒಡೆಯದ ಪೆನ್ನುಗಳನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು; ಹೆಪ್ಪುಗಟ್ಟಿದ್ದನ್ನು ಎಸೆಯಬೇಕು. ಬಳಕೆಯಲ್ಲಿರುವ ಪೆನ್ನು ತಂಪಾದ ಕೋಣೆಯಲ್ಲಿ ಕೆಲವು ವಾರ ಕೆಡದೆ ಇರುತ್ತದೆ. ಎಷ್ಟು ವಾರವೆಂಬುದು ಪೆಟ್ಟಿಗೆಯೊಳಗಿನ ಚೀಟಿಯಲ್ಲಿದೆ. ಅದಕ್ಕೆಂದೇ ನೀರಿನಲ್ಲಿ ನೆನೆಸಿಡುವ ಸಣ್ಣ ಚೀಲಗಳು ಸಿಗುತ್ತವೆ. ನೀರು ಆರುತ್ತಾ ಒಳಗನ್ನು ತಂಪಾಗಿಡುತ್ತದೆ. ಫ್ರಿಜ್ಜಿನಷ್ಟು ತಂಪಲ್ಲ, ಬಳಕೆಯ ಪೆನ್ನಿಗೆ ಸಾಕು. ಅಜ್ಜಿಯ ಕಾಲದ ಮಣ್ಣಿನ ಹೂಜಿಯ ತತ್ವವೇ ಅದು. ಬ್ಯಾಟರಿ ಬೇಡ, ವೈರು ಬೇಡ.

ಆ ದಂಪತಿ ಕೊನೆಗೆ ಮಾಡಬೇಕಾಗಿ ಬಂದದ್ದಿಷ್ಟು: ತುಕ್ಕು ಬೋಲ್ಟನ್ನು ಉಜ್ಜಿದರು, ಫ್ಯೂಸಿನ ಹಿಡಿಕೆ ಬಿಗಿ ಮಾಡಿದರು, ದಪ್ಪ ವೈರು ಎಳೆಸಿದರು, ಬ್ಯಾಟರಿ ಬದಲಿಸಿದರು. ಎರಡು ರಾತ್ರಿ ಒಂದೇ ಕಡೆ ತಂಗಿದರೆ ನಡುವೆ ಕರೆಂಟಿನ ಸೌಕರ್ಯವಿರುವ ಜಾಗ ನೋಡಿಕೊಂಡರು. ಗ್ಯಾರೇಜಿನ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ಫ್ರಿಜ್ಜನ್ನು ಒಮ್ಮೆ ಹೊಸ ಬ್ಯಾಟರಿಗೆ ಜೋಡಿಸಿ ನೋಡಿದಾಗ, ಅರ್ಧ ಗಂಟೆಯಲ್ಲಿ ಅದರ ಒಳಗೋಡೆ ತಣ್ಣಗೆ ಕೈಗೆ ತಾಗಿತು.