ಕಟ್ಟಿಗೆ ಮೇಲಿನ ಹಕ್ಕಿಗೂಡಿಗೆ ಔಷಧ ಯಾಕ್ರಿ?
ಮಳೆ ಹಿಡಿದರೆ ಸಾಕು, ರಾಯಬಾಗ, ಚಿಕ್ಕೋಡಿ ಕಡೆಯ ರೈತರಿಂದ ಒಂದೇ ನಮೂನಿ ಫೋಟೋ ಬರುತ್ತವೆ: ಕೊಳೆತ ಕಟ್ಟಿಗೆ ಮೇಲೆ ಕಡಲೆ ಗಾತ್ರದ ಬಟ್ಟಲು, ಒಳಗೆ ಬೂದು ಬಣ್ಣದ ಸಣ್ಣ ಸಣ್ಣ ತತ್ತಿ. ಬಸವನಹುಳುವಿನ ತತ್ತಿ ಅಂತ ಕೆಲವರು, ರೋಗ ಅಂತ ಕೆಲವರು. ಎರಡೂ ಅಲ್ಲ. ಇದು ಹಕ್ಕಿಗೂಡು ಅಣಬೆ, ಸಯಾಥಸ್. ಆ ‘ತತ್ತಿ’ಯೊಳಗೆ ಇರುವುದು ಬೀಜಕಣ, ಮಳೆಹನಿ ಬಟ್ಟಲಿಗೆ ಬಿದ್ದ ರಭಸಕ್ಕೆ ತತ್ತಿ ಸಿಡಿದು ದೂರ ಹೋಗಿ ಬೀಳುತ್ತದೆ. ಎಂಥಾ ಉಪಾಯ ನೋಡ್ರಿ!

ಸತ್ತ ಕಟ್ಟಿಗೆ, ಕಸಕಡ್ಡಿ ಕೊಳೆಸುವುದಷ್ಟೇ ಇದರ ಕೆಲಸ. ಜೀವಂತ ಗಿಡದ ತಂಟೆಗೆ ಬರುವುದಿಲ್ಲ. ಇದಕ್ಕೂ ಕಾರ್ಬೆಂಡಜಿಮ್ ಹೊಡೀರಿ ಅನ್ನುವ ಸಲಹೆ ನನಗೆ ಒಪ್ಪಿಗೆಯಿಲ್ಲ. ರೊಕ್ಕ ಹಾಳು, ಮಣ್ಣಿಗೆ ನೀವೇ ಕೊಟ್ಟ ಟ್ರೈಕೋಡರ್ಮಾನೂ ಹಾಳು. ಆದರೆ ಹಸಿರಿರುವ ತೆಂಗಿನ ಬುಡದಲ್ಲೇ ಗಟ್ಟಿ ಕಂದು ಅಣಬೆ ಎದ್ದರೆ ಸುಮ್ಮನೆ ಕೂಡಬ್ಯಾಡ್ರಿ. ಅದು ಗ್ಯಾನೋಡರ್ಮಾ ಇರಬಹುದು.