ಪಾಸ್‌ಪೋರ್ಟ್ ನೋಡುವ ದೇಶ, ಪಾಠ ನೋಡುವ ದೇಶ

ಹಿಂದೆ ಹುಮನಾಬಾದ್ ತಾಲ್ಲೂಕಿನಲ್ಲಿದ್ದು ಈಗ ಚಿಟಗುಪ್ಪಕ್ಕೆ ಸೇರಿರುವ ಬೇಮಳಖೇಡದಂಥ ಗಡಿ ಊರಿನಲ್ಲಿ ಇಂಗ್ಲಿಷ್ ಎಂ.ಎ., ಬಿ.ಇಡಿ. ಮುಗಿಸಿದವರ ಮುಂದಿರುವ ದಾರಿಗಳು ಕೆಲವೇ. ನೇಮಕಾತಿಯ ಅಧಿಸೂಚನೆ ಬರುವವರೆಗೆ ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕರಾಗಿ ತಿಂಗಳಿಗೆ ಹತ್ತು-ಹನ್ನೆರಡು ಸಾವಿರದ ಆಸುಪಾಸಿನ ಗೌರವಧನಕ್ಕೆ ದುಡಿಯಬೇಕು. ಇಲ್ಲವೇ ಹುಮನಾಬಾದ್, ಬಸವಕಲ್ಯಾಣ, ಬೀದರಿನ ಖಾಸಗಿ ಶಾಲೆಗಳಲ್ಲಿ ಆಡಳಿತ ಮಂಡಳಿ ಕೊಟ್ಟಷ್ಟನ್ನು ತೆಗೆದುಕೊಳ್ಳಬೇಕು. ಹೀಗಿರುವಾಗ ಹೊರದೇಶಕ್ಕೆ ಹೋಗಿ ಇಂಗ್ಲಿಷ್ ಕಲಿಸಬಾರದೇಕೆ ಎಂದು ಯಾರಾದರೂ ಯೋಚಿಸಿದರೆ ಅದು ಸಹಜವೇ. ಈ ಸೀಮೆಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. 65ನೇ ರಾಷ್ಟ್ರೀಯ ಹೆದ್ದಾರಿ ಹಿಡಿದು ಜಹೀರಾಬಾದ್ ದಾಟಿದರೆ ವಿಮಾನವೂ ಸಿಗುತ್ತದೆ, ವೀಸಾ ಏಜೆಂಟರೂ ಸಿಗುತ್ತಾರೆ. ಆದರೆ ಯಾವ ದೇಶ ಒಳ್ಳೆಯದು ಎಂದು ಕೇಳಿದವರಿಗೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದು ಸಂಬಳದ ಪಟ್ಟಿ. ನನ್ನ ಮಟ್ಟಿಗೆ ಸಂಬಳ ಎರಡನೆಯ ಪ್ರಶ್ನೆ. ಆ ದೇಶ ಇಂಗ್ಲಿಷ್ ಶಿಕ್ಷಕರಲ್ಲಿ ಮೊದಲು ನೋಡುವುದು ಅವರ ಪಾಸ್‌ಪೋರ್ಟನ್ನೋ, ಅವರು ಪಡೆದ ತರಬೇತಿಯನ್ನೋ ಎಂಬುದು ಮೊದಲ ಪ್ರಶ್ನೆ. ಇದಕ್ಕೆ ಉತ್ತರ ಸಿಕ್ಕಮೇಲೆ ಉಳಿದ ಲೆಕ್ಕ ಹಾಕುವುದು ಸುಲಭ.

ಪಾಸ್‌ಪೋರ್ಟ್ ನೋಡುವ ದೇಶಗಳನ್ನೇ ಮೊದಲು ತೆಗೆದುಕೊಳ್ಳೋಣ. ದಕ್ಷಿಣ ಕೊರಿಯಾ ಭಾಷಾ ಶಿಕ್ಷಕರಿಗೆ ಕೊಡುವ ಇ-2 ವೀಸಾ ಮುಖ್ಯವಾಗಿ ಏಳು ದೇಶಗಳ ಪ್ರಜೆಗಳಿಗೆ ಮೀಸಲು: ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. ಚೀನಾ 2017ರಲ್ಲಿ ಜಾರಿಗೆ ತಂದ ಕೆಲಸದ ಪರವಾನಗಿ ನಿಯಮಗಳ ಪ್ರಕಾರ, ವಿದೇಶಿ ಭಾಷಾ ಶಿಕ್ಷಕರು ತಾತ್ವಿಕವಾಗಿ ತಮ್ಮ ತಾಯ್ನುಡಿಯನ್ನೇ ಕಲಿಸಬೇಕು. ಪದವಿಯೂ ಎರಡು ವರ್ಷದ ಅನುಭವವೂ ಅದರ ಮೇಲಿನ ಷರತ್ತುಗಳು. ಜಪಾನಿನ ನಿಯಮ ಇನ್ನೂ ಸೂಕ್ಷ್ಮ. ಅಲ್ಲಿನ ಶಾಲೆಗಳಲ್ಲಿ ವಿದೇಶಿ ಭಾಷೆ ಕಲಿಸಲು ಬೇಕಾದ ಇನ್‌ಸ್ಟ್ರಕ್ಟರ್ ವೀಸಾಗೆ, ಆ ಭಾಷೆಯ ಮಾಧ್ಯಮದಲ್ಲಿ ಹನ್ನೆರಡು ವರ್ಷ ಓದಿರಬೇಕು. ಹತ್ತನೆಯ ತರಗತಿಯವರೆಗೆ ಕನ್ನಡ, ಉರ್ದು ಅಥವಾ ಮರಾಠಿ ಮಾಧ್ಯಮದಲ್ಲಿ ಓದಿದವರು ಪಿಯುಸಿ, ಬಿ.ಎ., ಎಂ.ಎ., ಬಿ.ಇಡಿ. ಎಲ್ಲವನ್ನೂ ಇಂಗ್ಲಿಷಿನಲ್ಲೇ ಮುಗಿಸಿದರೂ ಒಟ್ಟು ಒಂಬತ್ತು ವರ್ಷವಷ್ಟೇ ಆಗುತ್ತದೆ. ಸರ್ಕಾರಿ ಶಾಲೆಯಲ್ಲಿ ಓದಿ ಮೇಲೆ ಬಂದವರಿಗೆ ಈ ಲೆಕ್ಕ ಕೂಡುವುದೇ ಇಲ್ಲ. ಇಂಥ ದೇಶಗಳಿಗೆ ಬೇರೆ ವೀಸಾದಲ್ಲಿ ಕಳಿಸಿ ಅಲ್ಲಿ ಪಾಠ ಮಾಡಿಸುತ್ತೇವೆ ಎಂದು ಭರವಸೆ ಕೊಡುವವರಿದ್ದಾರೆ. ಸಿಕ್ಕಿಬಿದ್ದ ದಿನ ದಂಡ ಕಟ್ಟಿ ಗಡೀಪಾರಾಗುವವರು ಶಿಕ್ಷಕರು, ಏಜೆಂಟರಲ್ಲ.

ತಾಯ್ನುಡಿಯವರೇ ಕಲಿಸಬೇಕೆಂಬ ಈ ಹಟ ಅನುಭವದಿಂದ ಹುಟ್ಟಿದ್ದಕ್ಕಿಂತ ಹೆಚ್ಚಾಗಿ ಒಂದು ಕಾಲದ ರಾಜಕಾರಣದಿಂದ ಹುಟ್ಟಿತು. 1961ರಲ್ಲಿ ಉಗಾಂಡಾದ ಮಕೆರೆರೆಯಲ್ಲಿ ಇಂಗ್ಲಿಷ್ ಬೋಧನೆಯ ಕುರಿತು ಕಾಮನ್‌ವೆಲ್ತ್ ದೇಶಗಳ ಸಮ್ಮೇಳನ ನಡೆಯಿತು. ಇಂಗ್ಲಿಷನ್ನು ಇಂಗ್ಲಿಷಿನಲ್ಲೇ ಕಲಿಸಬೇಕು, ತಾಯ್ನುಡಿಯವರೇ ಆದರ್ಶ ಶಿಕ್ಷಕರು ಎಂಬ ನಂಬಿಕೆಗಳು ಅಲ್ಲಿಂದ ಗಟ್ಟಿಯಾದವು. ವಸಾಹತುಗಳು ಒಂದೊಂದಾಗಿ ಸ್ವತಂತ್ರವಾಗುತ್ತಿದ್ದ ಹೊತ್ತಿನಲ್ಲಿ ಭಾಷೆಯ ಮೇಲಿನ ಯಜಮಾನಿಕೆ ಕೈಬಿಡದಂತೆ ನೋಡಿಕೊಳ್ಳಲು ಈ ನಂಬಿಕೆಗಳು ನೆರವಾದವು. ರಾಬರ್ಟ್ ಫಿಲಿಪ್ಸನ್ 1992ರಲ್ಲಿ ಪ್ರಕಟಿಸಿದ ‘ಲಿಂಗ್ವಿಸ್ಟಿಕ್ ಇಂಪೀರಿಯಲಿಸಂ’ ಪುಸ್ತಕದಲ್ಲಿ ಇವನ್ನು ಒಂದೊಂದಾಗಿ ಪರೀಕ್ಷಿಸಿ, ಆಧಾರವಿಲ್ಲದ ಭ್ರಮೆಗಳೆಂದು ತೋರಿಸಿದರು. ಅದಕ್ಕೂ ಮೊದಲೇ, 1980ರ ದಶಕದಲ್ಲಿ, ಕಾಶ್ಮೀರ ಮೂಲದ ಭಾಷಾವಿಜ್ಞಾನಿ ಬ್ರಜ್ ಕಾಚ್ರು ಇಂಗ್ಲಿಷಿನ ಲೋಕವನ್ನು ಮೂರು ವೃತ್ತಗಳಾಗಿ ವಿಂಗಡಿಸಿದ್ದರು: ಮನೆಮಾತಾಗಿ ಆಡುವ ದೇಶಗಳು, ಭಾರತದಂತೆ ಎರಡನೆಯ ಭಾಷೆಯಾಗಿ ಬಳಸುವ ದೇಶಗಳು, ಚೀನಾ-ಜಪಾನಿನಂತೆ ವಿದೇಶಿ ಭಾಷೆಯಾಗಿ ಕಲಿಯುವ ದೇಶಗಳು. ಇಂದು ಇಂಗ್ಲಿಷ್ ಬಳಸುವವರಲ್ಲಿ ಅದನ್ನು ಕಲಿತು ಆಡುವವರೇ ಹೆಚ್ಚು. ಹಾಗಿರುವಾಗ ಕಲಿಸುವ ಹಕ್ಕನ್ನು ಮೊದಲ ವೃತ್ತಕ್ಕೆ ಮಾತ್ರ ಮೀಸಲಿಡುವುದು ತರ್ಕಕ್ಕೆ ಒಗ್ಗುವುದಿಲ್ಲ.

ಇದಕ್ಕೆ ಒಳ್ಳೆಯ ಸಾಕ್ಷ್ಯ ನಮ್ಮ ರಾಜ್ಯದಲ್ಲೇ ಇದೆ. ಬೆಂಗಳೂರಿನ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಆಶ್ರಯದಲ್ಲಿ ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ಭಾಷಾ ಬೋಧನೆಯ ಚರಿತ್ರೆಯಲ್ಲಿ ಅದು ‘ಬ್ಯಾಂಗಲೋರ್ ಪ್ರಾಜೆಕ್ಟ್’ ಎಂದೇ ಹೆಸರಾಗಿದೆ. ವ್ಯಾಕರಣದ ನಿಯಮ ಬರೆಸಿ, ವಾಕ್ಯ ಬಾಯಿಪಾಠ ಮಾಡಿಸುವ ಕ್ರಮವನ್ನು ಅವರು ಬದಿಗಿಟ್ಟರು. ಮಕ್ಕಳ ಮುಂದೆ ರೈಲಿನ ವೇಳಾಪಟ್ಟಿಯನ್ನೋ ಊರಿನ ನಕ್ಷೆಯನ್ನೋ ಇಡುವುದು. ಶಿಕ್ಷಕರು ಇಡೀ ತರಗತಿಯೊಂದಿಗೆ ಇಂಗ್ಲಿಷಿನಲ್ಲಿ ಪ್ರಶ್ನೋತ್ತರ ಮಾಡುತ್ತ ಒಂದು ಸಮಸ್ಯೆ ಬಿಡಿಸಿ ತೋರಿಸುವುದು. ಆಮೇಲೆ ಅಂಥದ್ದೇ ಇನ್ನೊಂದನ್ನು ಪ್ರತಿ ಮಗುವೂ ತಾನೇ ಬಿಡಿಸುವುದು. ಯಾವ ಗಾಡಿ ಹಿಡಿದರೆ ಮಧ್ಯಾಹ್ನದೊಳಗೆ ಊರು ಸೇರಬಹುದು ಎಂದು ತಲೆ ಓಡಿಸುವಾಗ ಗಮನವೆಲ್ಲ ಅರ್ಥದ ಮೇಲಿರುತ್ತದೆ. ಭಾಷೆ ಅದರ ಜೊತೆಜೊತೆಗೇ ಒಳಗಿಳಿಯುತ್ತದೆ ಎಂಬುದು ಪ್ರಭು ಅವರ ವಾದ. 1987ರಲ್ಲಿ ಬಂದ ಅವರ ‘ಸೆಕೆಂಡ್ ಲ್ಯಾಂಗ್ವೇಜ್ ಪೆಡಗಾಜಿ’ ಪುಸ್ತಕದ ನಂತರ, ಚಟುವಟಿಕೆ ಆಧಾರಿತ ಭಾಷಾ ಬೋಧನೆಯ ಬಗ್ಗೆ ಬರೆಯುವ ಯಾರೂ ಬೆಂಗಳೂರಿನ ಹೆಸರೆತ್ತದೆ ಮುಂದೆ ಹೋಗುವಂತಿಲ್ಲ. ಪ್ರಯೋಗದ ಮೌಲ್ಯಮಾಪನ ಮಾಡಿದ ಬೆರೆಟ್ಟಾ ಮತ್ತು ಡೇವಿಸ್ 1985ರಲ್ಲಿ ಅದಕ್ಕೆ ಎಚ್ಚರಿಕೆಯ, ಸೀಮಿತ ಬೆಂಬಲವನ್ನಷ್ಟೇ ಕೊಟ್ಟರು ಎಂಬುದನ್ನೂ ಹೇಳಬೇಕು. ಈ ಪ್ರಯೋಗದಿಂದ ಭಾರತೀಯ ಶಿಕ್ಷಕರು ಇಂಗ್ಲಿಷರಿಗಿಂತ ಮೇಲು ಎಂದೇನೂ ಸಾಬೀತಾಗುವುದಿಲ್ಲ. ಆದರೆ ಜಗತ್ತು ಇಂದು ಬಳಸುವ ಒಂದು ಬೋಧನಾಕ್ರಮ ತಾಯ್ನುಡಿಯವರ ನಾಡಿನಿಂದ ಬರದೆ ನಮ್ಮ ಬೆಂಚುಗಳ ನಡುವೆ ರೂಪುಗೊಂಡಿತು ಎಂಬುದು ಖಚಿತ.

ತರಬೇತಿ ನೋಡುವ ದೇಶಗಳು ಯಾವುವು? ಮೊದಲನೆಯದಾಗಿ ಕೊಲ್ಲಿ ದೇಶಗಳ ಭಾರತೀಯ ಶಾಲೆಗಳು. ಬಹರೇನಿನ ಇಂಡಿಯನ್ ಸ್ಕೂಲ್ 1950ರಲ್ಲಿ, ದುಬೈನ ಇಂಡಿಯನ್ ಹೈಸ್ಕೂಲ್ 1961ರಲ್ಲಿ, ಮಸ್ಕತ್ತಿನದು 1975ರಲ್ಲಿ ಶುರುವಾದವು. ಸಿಬಿಎಸ್‌ಇ ಪಠ್ಯಕ್ರಮದ ಇಂಥ ಶಾಲೆಗಳು ಕೇಳುವುದು ಪದವಿ, ಬಿ.ಇಡಿ., ಅನುಭವ. ಎರಡನೆಯದು ಮಾಲ್ಡೀವ್ಸ್: ಇಂಗ್ಲಿಷ್ ಮಾಧ್ಯಮದ ಅಲ್ಲಿನ ಶಾಲೆಗಳು ದ್ವೀಪ ದ್ವೀಪಗಳಲ್ಲೂ ಭಾರತೀಯ ಶಿಕ್ಷಕರನ್ನು ನೆಚ್ಚಿಕೊಂಡು ಬಂದಿವೆ. ಇಥಿಯೋಪಿಯಾದಲ್ಲಿ ಚಕ್ರವರ್ತಿ ಹೈಲೆ ಸೆಲಾಸಿಯ ಕಾಲದಲ್ಲಿ ಪ್ರೌಢಶಾಲೆಗಳನ್ನು ಕಟ್ಟಿದವರಲ್ಲಿ ಭಾರತೀಯರು, ಅದರಲ್ಲೂ ಕೇರಳದವರು, ದೊಡ್ಡ ಸಂಖ್ಯೆಯಲ್ಲಿದ್ದರು. ಪಾಸ್‌ಪೋರ್ಟ್ ನೋಡುವ ಕೊರಿಯಾ ಕೂಡ 2010ರ ಜನವರಿ 1ರಿಂದ ಜಾರಿಯಾದ ಭಾರತದೊಂದಿಗಿನ ಆರ್ಥಿಕ ಸಹಭಾಗಿತ್ವ ಒಪ್ಪಂದದಲ್ಲಿ, ಬೋಧನಾ ಅರ್ಹತೆಯುಳ್ಳ ಭಾರತೀಯರನ್ನು ಸಹಾಯಕ ಇಂಗ್ಲಿಷ್ ಶಿಕ್ಷಕರಾಗಿ ತೆಗೆದುಕೊಳ್ಳಲು ಕಿರುದಾರಿಯೊಂದನ್ನು ಬಿಟ್ಟಿದೆ. ಅಂದರೆ ತಾಯ್ನುಡಿಯ ನಿಯಮ ಸರ್ಕಾರಗಳು ಬೇಕೆಂದಾಗ ಸಡಿಲಿಸಿಕೊಳ್ಳಬಹುದಾದ ನಿಯಮ, ಬೋಧನಾಶಾಸ್ತ್ರದ ಕಟ್ಟಳೆಯಲ್ಲ.

ಈ ದೇಶಗಳಿಗೆ ಬೇಮಳಖೇಡದ ಕಡೆಯವರು ಒಗ್ಗುವುದಕ್ಕೆ ಇನ್ನೊಂದು ಕಾರಣವಿದೆ. ಇದು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, 1956ರಲ್ಲಿ ಮೈಸೂರು ರಾಜ್ಯ ಸೇರಿದ ನೆಲ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ದಖನಿ ಉರ್ದು, ಬಸವಕಲ್ಯಾಣದ ಕಡೆ ಮರಾಠಿ, ಗಡಿಯಾಚೆ ತೆಲುಗು. ಇಲ್ಲಿನವರಿಗೆ ಇಂಗ್ಲಿಷ್ ಮೂರನೆಯದೋ ನಾಲ್ಕನೆಯದೋ ಭಾಷೆ. ಮಲಯಾಳಿ, ತಮಿಳು, ಹೈದರಾಬಾದಿ, ಪಂಜಾಬಿ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುವ ಕೊಲ್ಲಿಯ ತರಗತಿ ಇವರಿಗೆ ಹೊಸದೇನಲ್ಲ. ‘ಸ್ಕೂಲ್’ ಎನ್ನಲು ‘ಇಸ್ಕೂಲ್’ ಎನ್ನುವ ಮಗುವಿನ ನಾಲಿಗೆ ಎಲ್ಲಿ ತೊಡರುತ್ತದೆಂದು ಬಲ್ಲವರಿಗೆ, ಪಕಾರವೇ ಇಲ್ಲದ ಅರಬ್ಬಿ ಮಾತಾಡುವ ಮಗು ‘ಪ’ ಇರುವಲ್ಲೆಲ್ಲ ‘ಬ’ ಅಂದಾಗ ಅದು ದಡ್ಡತನವಲ್ಲ, ಮನೆಮಾತಿನ ಪ್ರಭಾವ ಎಂದು ಬೇಗ ಹೊಳೆಯುತ್ತದೆ. ತಾನೇ ಏರಿ ಬಂದ ಮೆಟ್ಟಿಲುಗಳನ್ನು ಇನ್ನೊಬ್ಬರಿಗೆ ತೋರಿಸುವುದು ಸುಲಭ.

ಇಷ್ಟಾದರೂ, ಉಚ್ಚಾರಣೆಯ ಮಾತೇನು ಎಂದು ಕೇಳುವವರಿದ್ದಾರೆ. ನಮ್ಮವರ ಇಂಗ್ಲಿಷ್ ಕೇಳಿ ಕಲಿತ ಮಕ್ಕಳು ನಮ್ಮಂತೆಯೇ ಮಾತಾಡುತ್ತಾರಲ್ಲ? ಈ ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. ಲಂಡನ್ನಿನವರಂತೆ ಮಾತಾಡಬೇಕಾಗಿಲ್ಲ, ಆದರೆ ಕೇಳಿದವರಿಗೆ ಸ್ಪಷ್ಟವಾಗಿ ತಿಳಿಯಬೇಕು. ಗೈಡು ನೋಡಿ ಪಾಸಾಗಿ, ಎರಡು ವಾಕ್ಯ ತಡೆಯಿಲ್ಲದೆ ಮಾತಾಡಲು ಬಾರದ ಎಂ.ಎ. ಪದವಿಗೆ ಯಾವ ದೇಶವೂ ಮಣೆ ಹಾಕಬೇಕಾಗಿಲ್ಲ. ಪಾಸ್‌ಪೋರ್ಟಿನ ತಾರತಮ್ಯವನ್ನು ಪ್ರಶ್ನಿಸುವವರು ತಮ್ಮ ತಯಾರಿಯಲ್ಲಿ ರಿಯಾಯಿತಿ ಕೇಳುವಂತಿಲ್ಲ. ಅದಕ್ಕೆ ದಾರಿಗಳೂ ದೂರವಿಲ್ಲ. 1958ರಲ್ಲಿ ಆರಂಭವಾಗಿ ಈಗ ಕೇಂದ್ರೀಯ ವಿಶ್ವವಿದ್ಯಾಲಯವಾಗಿರುವ ಹೈದರಾಬಾದಿನ ಇಫ್ಲು, ಇಂಗ್ಲಿಷ್ ಬೋಧನೆಯ ಸ್ನಾತಕೋತ್ತರ ಸರ್ಟಿಫಿಕೇಟ್ ಕೋರ್ಸನ್ನು ದೂರಶಿಕ್ಷಣದಲ್ಲೂ ನಡೆಸುತ್ತ ಬಂದಿದೆ. ಮೊಬೈಲಿನಲ್ಲಿ ವಾರಾಂತ್ಯಕ್ಕೆ ಮುಗಿಸುವ 120 ಗಂಟೆಯ ಪ್ರಮಾಣಪತ್ರಕ್ಕಿಂತ ಅದರ ತೂಕ ಹೆಚ್ಚು.

ಎರಡನೆಯ ಆಕ್ಷೇಪ ಹಣದ್ದು. ಕೊಲ್ಲಿಯ ಭಾರತೀಯ ಶಾಲೆಗಳು ಬ್ರಿಟಿಷ್ ಪಠ್ಯಕ್ರಮದ ಶಾಲೆಗಳಷ್ಟು ಸಂಬಳ ಕೊಡುವುದಿಲ್ಲ ಎಂಬುದು ನಿಜ. ಆದರೆ ಸಂಬಳದ ಅಂಕಿಗಿಂತ ಅದರ ಹಿಂದಿನ ನಾಣ್ಯವನ್ನು ನೋಡಬೇಕು. ಸೌದಿ ರಿಯಾಲ್ 1986ರಿಂದ, ಯುಎಇ ದಿರ್ಹಮ್ 1997ರಿಂದ ಡಾಲರಿಗೆ ಒಂದೇ ದರದಲ್ಲಿ ಕಟ್ಟಿಕೊಂಡಿವೆ. ಮನೆಗೆ ಕಳಿಸುವ ಹಣದ ಲೆಕ್ಕ ತಪ್ಪುವುದಿಲ್ಲ. ಇಥಿಯೋಪಿಯಾ 2024ರ ಜುಲೈಯಲ್ಲಿ ತನ್ನ ಬಿರ್ ನಾಣ್ಯವನ್ನು ಮಾರುಕಟ್ಟೆಗೆ ಬಿಟ್ಟಾಗ ಅದರ ಬೆಲೆ ಕೆಲವೇ ತಿಂಗಳಲ್ಲಿ ಅರ್ಧಕ್ಕೆ ಕುಸಿಯಿತು. ಮಾಲ್ಡೀವ್ಸಿನಲ್ಲಿ ಸಂಬಳ ಸರಿಯಾಗಿ ಬಂದರೂ ಡಾಲರ್ ಕೊರತೆಯಿಂದ ಊರಿಗೆ ಹಣ ಕಳಿಸುವುದೇ ಕಷ್ಟವಾದ ಕಾಲಗಳಿವೆ. ಇನ್ನು ಶಾಲೆಯನ್ನು ಅಳೆಯಲು ದುಬೈ ಒಂದು ಒಳ್ಳೆಯ ಸಾಧನ ಕೊಟ್ಟಿದೆ. ಅಲ್ಲಿನ ಕೆಎಚ್‌ಡಿಎ ಎಂಬ ಪ್ರಾಧಿಕಾರ 2008ರಿಂದೀಚೆಗೆ ಖಾಸಗಿ ಶಾಲೆಗಳ ತಪಾಸಣಾ ವರದಿಗಳನ್ನು ಸಾರ್ವಜನಿಕವಾಗಿ ಪ್ರಕಟಿಸುತ್ತ ಬಂದಿದೆ. ಒಬ್ಬ ಶಿಕ್ಷಕರಿಗೆ ಎಷ್ಟು ಮಕ್ಕಳು, ವರ್ಷದಲ್ಲಿ ಶೇಕಡಾ ಎಷ್ಟು ಶಿಕ್ಷಕರು ಬಿಟ್ಟುಹೋದರು ಎಂಬುದನ್ನೂ ಅವುಗಳಲ್ಲಿ ಕಾಣಬಹುದು. ಶಿಕ್ಷಕರು ಮೇಲಿಂದ ಮೇಲೆ ಬಿಟ್ಟುಹೋಗುವ ಶಾಲೆಯ ಬಗ್ಗೆ ಬೇರೆ ಯಾರನ್ನೂ ವಿಚಾರಿಸಬೇಕಾಗಿಲ್ಲ.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಂಭೀರ. ನಮ್ಮ ಮಕ್ಕಳಿಗೇ ಇಂಗ್ಲಿಷ್ ಶಿಕ್ಷಕರಿಲ್ಲದಿರುವಾಗ ತರಬೇತಾದವರು ಹೊರಗೆ ಹೋಗುವುದು ಸರಿಯೇ? ಕರ್ನಾಟಕ 2007ರಲ್ಲಿ ಒಂದನೆಯ ತರಗತಿಯಿಂದ ಇಂಗ್ಲಿಷನ್ನು ವಿಷಯವಾಗಿ ತಂದಿತು. 2019ರಿಂದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನೂ ತೆರೆಯಿತು. ಬೇಡಿಕೆಯನ್ನು ಸರ್ಕಾರವೇ ಸೃಷ್ಟಿಸಿ, ಅದನ್ನು ಪೂರೈಸುವವರನ್ನು ಅತಿಥಿಗಳಾಗಿಯೇ ಉಳಿಸಿದರೆ, ಹೊರಟವರ ಮೇಲೆ ತಪ್ಪು ಹೊರಿಸುವುದು ನ್ಯಾಯವಲ್ಲ. ಅಲ್ಲದೆ ಹೋದವರು ಹಿಂದಿರುಗಲು ಬಾಗಿಲು ತೆರೆದೇ ಇದೆ. ಟಿಇಟಿ ಅರ್ಹತೆ 2021ರಿಂದ ಆಜೀವ ಮಾನ್ಯ. 2012ರ ಸಂವಿಧಾನ ತಿದ್ದುಪಡಿಯಿಂದ ಬಂದ 371(ಜೆ) ವಿಧಿಯಡಿಯ ಮೀಸಲಾತಿ ಈ ನೆಲದಲ್ಲಿ ಹುಟ್ಟಿದವರಿಗೆ, ಹೊರಗೆ ದುಡಿದು ಬಂದರೆಂಬ ಕಾರಣಕ್ಕೆ, ತಪ್ಪುವುದಿಲ್ಲ. ಆದ್ದರಿಂದ ನೇಮಕಾತಿಯ ವಯೋಮಿತಿ ಮೀರದಂತೆ ನೋಡಿಕೊಂಡು ಎರಡು-ಮೂರು ವರ್ಷದ ಒಪ್ಪಂದಕ್ಕೆ ಹೋಗುವುದು ವಿವೇಕ. ಹತ್ತು ದೇಶದ ಮಕ್ಕಳಿಗೆ ಕಲಿಸಿ ಬಂದವರು ಹುಮನಾಬಾದಿನ ಪ್ರೌಢಶಾಲೆಗೂ ಲಾಭವೇ.

ಹೀಗಾಗಿ ನನ್ನ ತೀರ್ಮಾನ ಇಷ್ಟು: ಮೊದಲ ಸಲ ಹೊರಡುವವರಿಗೆ ಯುಎಇ, ಒಮಾನ್, ಬಹರೇನಿನ ಭಾರತೀಯ ಶಾಲೆಗಳೇ ಮೊದಲ ಆಯ್ಕೆ, ಮಾಲ್ಡೀವ್ಸ್ ಎರಡನೆಯದು, ಅಧಿಕೃತ ಪ್ರಕಟಣೆ ಬಂದರೆ ಮಾತ್ರ ಕೊರಿಯಾ, ತಾಯ್ನುಡಿ ಕೇಳುವ ಚೀನಾ ಸದ್ಯಕ್ಕೆ ಬೇಡ. ಹೊರಡುವ ಮುನ್ನ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಪದವಿ ಪ್ರಮಾಣಪತ್ರ, ಪಾಸ್‌ಪೋರ್ಟ್ ಮೂರರಲ್ಲೂ ಹೆಸರು ಅಕ್ಷರಶಃ ಒಂದೇ ಇದೆಯೇ ನೋಡಿಕೊಳ್ಳಿ. ಒಂದರಲ್ಲಿ ತಂದೆಯ ಹೆಸರು ನಡುವೆ, ಇನ್ನೊಂದರಲ್ಲಿ ಬರೀ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಜಾಗವೇ ಖಾಲಿ ಇರುವುದು ನಮ್ಮ ಕಡೆ ಸಾಮಾನ್ಯ. 2022ರ ನವೆಂಬರಿನಲ್ಲಿ ಯುಎಇ ಒಂಟಿ ಹೆಸರಿನ ಪಾಸ್‌ಪೋರ್ಟಿನವರಿಗೆ ಭೇಟಿ ವೀಸಾ ನಿಲ್ಲಿಸಿದಾಗ ಈ ಖಾಲಿ ಜಾಗದ ಬೆಲೆ ತಿಳಿಯಿತು. ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿತ ಏಜೆಂಟರು ತೆಗೆದುಕೊಳ್ಳಬಹುದಾದ ಸೇವಾಶುಲ್ಕದ ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಅದಕ್ಕಿಂತ ಒಂದು ರೂಪಾಯಿ ಹೆಚ್ಚು ಕೇಳಿದರೂ ಎದ್ದು ಬನ್ನಿ. ಮೂಲ ಪ್ರಮಾಣಪತ್ರಗಳನ್ನು ಯಾರ ಕೈಗೂ ಒಪ್ಪಿಸಬೇಡಿ.